ಆಸ್ಟ್ರಿಯಾದಲ್ಲಿ ಮುರಿದ ಕಾಲು, ಕತ್ರಿಗುಪ್ಪೆಯಲ್ಲಿ ಕಂಡ ಗ್ಯಾಪು

ಕತ್ರಿಗುಪ್ಪೆ

ಯುರೋಪಿಗೆ ಹೋಗಿ ಬಂದವರೆಲ್ಲ ಹಿಮದ ಬೆಟ್ಟ, ಕೊರಳಿಗೆ ಗಂಟೆ ಕಟ್ಟಿದ ಹಸು, ಚಾಕೊಲೇಟು ಎಂದು ಪುಟಗಟ್ಟಲೆ ಬರೆಯುತ್ತಾರೆ. ನಾನು ಆಸ್ಟ್ರಿಯಾದಲ್ಲಿ ಮೂರು ವಾರ ಇದ್ದೆ. ಅದರಲ್ಲಿ ಹೆಚ್ಚು ಹೊತ್ತು ನೋಡಿದ್ದು ಒಂದು ಆಸ್ಪತ್ರೆಯ ಛಾವಣಿಯನ್ನು. ಕುತ್ತಿಗೆ ತಿರುಗಿಸಿದರೆ ಕಿಟಕಿಯಲ್ಲಿ ಅರ್ಧ ಬೆಟ್ಟ ಕಾಣುತ್ತಿತ್ತು. ಇನ್ನರ್ಧವನ್ನು ಪಕ್ಕದ ಹಾಸಿಗೆಯ ಮುದುಕಿಯ ಪರದೆ ಮುಚ್ಚಿತ್ತು.

ನನ್ನ ಹೆಸರು ಸರೋಜ, ವಯಸ್ಸು ಅರವತ್ತೆರಡು. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನಮ್ಮಜ್ಜಿ ಬದನೆ ಸಸಿ ನೆಡುತ್ತಿದ್ದ ಜಾಗದ ಮೇಲೆ ಈಗ ನಮ್ಮ ಮೂರು ಅಂತಸ್ತಿನ ಮನೆ ನಿಂತಿದೆ, ಮೇಲಿನ ಎರಡರಲ್ಲಿ ಬಾಡಿಗೆಯವರು. ಬನಶಂಕರಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದೆ. ಅಸ್ಥಿಪಂಜರದ ಪಾಠ ಬಂದಾಗ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂಳೆ ಬರೆದು, ಇದು ದೇಹದ ಕಂಬ ಎನ್ನುತ್ತಿದ್ದೆ. ರಕ್ತಪರಿಚಲನೆ ಬೇರೆ ಪಾಠ, ಮೂಳೆ ಬೇರೆ ಪಾಠ. ಎರಡಕ್ಕೂ ಸಂಬಂಧ ಉಂಟೆಂದು ನಾನು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಪರೀಕ್ಷೆಗೆ ಅದು ಬರುತ್ತಲೂ ಇರಲಿಲ್ಲ.

ನನಗೆ ಶುಚಿಯ ಚಟ ಇದೆ. ಬಾಗಿಲ ಮುಂದೆ ಒಂದು ಹುಲ್ಲುಕಡ್ಡಿ ಬಿದ್ದಿದ್ದರೆ ಕಾಫಿ ಇಳಿಯುವುದಿಲ್ಲ. ಬಾಡಿಗೆಯವರ ಚಪ್ಪಲಿಗಳನ್ನೂ ಜೋಡಿಸಿ ಇಡುತ್ತೇನೆ. ಅವರು ಇದನ್ನು ಮೆಚ್ಚುತ್ತಾರೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ನಮ್ಮ ಯಜಮಾನರು ಕೃಷ್ಣಪ್ಪನವರು ಅದೇ ಶಾಲೆಯಲ್ಲಿ ಪಿ.ಟಿ. ಮೇಷ್ಟರಾಗಿದ್ದರು. ಹನ್ನೆರಡು ವರ್ಷದ ಹಿಂದೆ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಸ್ಕೂಟರಿನಿಂದ ಬಿದ್ದು ಬಲಗಾಲು ಮುರಿದುಕೊಂಡರು. ಅದು ಕೂಡಿಕೊಳ್ಳಲು ಎರಡು ವರ್ಷ ಹಿಡಿಯಿತು, ಕೂಡಿದಾಗ ಒಂದೂವರೆ ಇಂಚು ಗಿಡ್ಡವಾಗಿತ್ತು. ಮಕ್ಕಳ ಜೊತೆ ಓಡುತ್ತಿದ್ದ ಮನುಷ್ಯ ನಿವೃತ್ತಿಯವರೆಗೆ ಮೈದಾನದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದಿದರು. ಪ್ರವಾಸಕ್ಕೆ ಅವರು ಬರಲಿಲ್ಲ. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. "ರೀ, ನೀವು ಬಂದ್ರೆ ಎಲ್ಲಾರೂ ನಿಮಗೋಸ್ಕರ ಕಾಯ್ಬೇಕಾಗುತ್ತೆ" ಎಂದು ನಾನೇ ಹೇಳಿದ್ದೆ. ಅವರು "ಹೂಂ, ಸರಿ" ಎಂದು ನನ್ನ ಸೂಟ್‌ಕೇಸಿಗೆ ಹಗ್ಗ ಕಟ್ಟಿಕೊಟ್ಟರು.

ನನ್ನ ಜೊತೆ ಹೊರಟಿದ್ದು ಜಯನಗರದ ವಿಮಲ. ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಏನೇ ಆದರೂ "ಇರಲಿ ಬಿಡೆ" ಅನ್ನುವವಳು. ಹಿಮ ನೋಡಬೇಕೆಂಬ ಆಸೆ ಅವಳದು. ಅದಕ್ಕಾಗಿ ಜನವರಿಯಲ್ಲಿ, ಅಡುಗೆಯವರನ್ನೂ ಕಟ್ಟಿಕೊಂಡು ಹೋಗುವ ಒಂದು ಕನ್ನಡ ಪ್ರವಾಸಿ ಗುಂಪಿನಲ್ಲಿ ಹೊರಟೆವು.

ಹೋಟೆಲಿನ ಮೆಟ್ಟಿಲು

ಆಸ್ಟ್ರಿಯಾದ ಆ ಊರಿನ ಹೆಸರನ್ನು ನಾನು ಇಂದಿಗೂ ಸರಿಯಾಗಿ ಹೇಳಲಾರೆ. ನಾಲ್ಕನೆಯ ದಿನ ಸಂಕ್ರಾಂತಿ. ಹಬ್ಬ ಎಂದು ಎಳ್ಳುಬೆಲ್ಲವನ್ನೂ ಒಂದು ಡಬ್ಬಿ ರಂಗೋಲಿ ಪುಡಿಯನ್ನೂ ಮನೆಯಿಂದಲೇ ತಂದಿದ್ದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದು ನೋಡಿದರೆ ಹೋಟೆಲಿನ ಮುಂದೆ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಸಣ್ಣ ಜಲ್ಲಿ ಚೆಲ್ಲಿದೆ. ಎಷ್ಟು ಬಿಳಿ ಗೋಡೆ, ಎಷ್ಟು ಹೊಳೆಯುವ ಕಿಟಕಿ, ಬಾಗಿಲ ಮುಂದೆ ಮಾತ್ರ ಯಾವುದೋ ಕಟ್ಟಡದ ಕೆಲಸ ನಡೆದ ಹಾಗೆ ಕಲ್ಲು. ಇವರಿಗೆ ಹಿಟ್ಟು ಗೊತ್ತು, ಬೆಣ್ಣೆ ಗೊತ್ತು, ಹೊಸಿಲು ಗೊತ್ತಿಲ್ಲ ಎಂದುಕೊಂಡೆ.

ಬಾಗಿಲ ಮೂಲೆಯಲ್ಲಿ ಒಂದು ಪೊರಕೆ ಇತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಸ್ವೆಟರಿನ ತೋಳು ಮೇಲೇರಿಸಿ, ಆ ಜಲ್ಲಿಯನ್ನೆಲ್ಲ ಒಂದು ಕಲ್ಲೂ ಉಳಿಯದ ಹಾಗೆ ಗುಡಿಸಿ ಬದಿಗೆ ಹಾಕಿದೆ. ಆಮೇಲೆ ಕೋಣೆಯ ಕೆಟಲಿನಲ್ಲಿ ನೀರು ಬಿಸಿ ಮಾಡಿ ತಂದು ಮೆಟ್ಟಿಲಿಗೆ ಚಿಮುಕಿಸಿದೆ. ವಿಮಲ ಮೇಲಿನಿಂದ ಇಣುಕಿ, "ಸರೋಜಾ, ಇಲ್ಲೂ ನಿಂದು ಶುರುವಾಯ್ತಾ?" ಎಂದಳು.

"ಹಬ್ಬದ ದಿನ ಹಿಂಗಾ ಬಿಡೋದು?" ಎಂದೆ.

ಎಂಟು ಚುಕ್ಕಿಯ ರಂಗೋಲಿ. ಚೆನ್ನಾಗಿ ಬಂತು. ಆ ಚಳಿಯಲ್ಲೂ ಗೆರೆ ಒಂದೂ ನಡುಗಿರಲಿಲ್ಲ. ಕತ್ರಿಗುಪ್ಪೆಯ ವಾಟ್ಸಾಪ್ ಗುಂಪಿಗೆ ಕಳಿಸಲು ಫೋನು ತೆಗೆದೆ. ಇಡೀ ರಂಗೋಲಿ ಚಿತ್ರದಲ್ಲಿ ಹಿಡಿಯಲಿಲ್ಲ, ಒಂದು ಹೆಜ್ಜೆ ಹಿಂದೆ ಇಟ್ಟೆ. ನಾನು ಚಿಮುಕಿಸಿದ ನೀರು ಅಷ್ಟರಲ್ಲಿ ಗಾಜಾಗಿತ್ತು.

ಬಿದ್ದ ಸದ್ದಿಗಿಂತ ಮೂಳೆಯ ಸದ್ದೇ ಜೋರಾಗಿ ಕೇಳಿಸಿತು. ಹೋಟೆಲಿನ ಯಜಮಾನ, ಮಾತೇ ಆಡದ ಒಬ್ಬ ದಪ್ಪ ಮೀಸೆಯ ಮುದುಕ, ಓಡಿ ಬಂದ. ನನ್ನನ್ನು ನೋಡಿದ, ಮೆಟ್ಟಿಲು ನೋಡಿದ, ಬದಿಯಲ್ಲಿ ಗುಡ್ಡೆಯಾಗಿದ್ದ ಜಲ್ಲಿಯನ್ನು ನೋಡಿದ. ತಿರುಗಿ ಒಳಗೆ ಹೋಗಿ ಒಂದು ಬಕೆಟ್ ಜಲ್ಲಿ ತಂದು ನನ್ನ ಸುತ್ತಲೂ, ನನ್ನ ರಂಗೋಲಿಯ ಮೇಲೂ ಚೆಲ್ಲಿ, ಆಮೇಲೆ ನನ್ನ ಹತ್ತಿರ ಬಂದ. ಮೊದಲು ಜಲ್ಲಿ, ಆಮೇಲೆ ನಾನು. ಆಗ ನನಗೆ ಎಂಥ ಅವಮಾನವಾಯಿತೆಂದರೆ ಕಾಲುನೋವು ಸ್ವಲ್ಪ ಹೊತ್ತು ಮರೆತೇ ಹೋಯಿತು. ಜಲ್ಲಿ ಹಾಕುವುದು ಜನ ಜಾರಬಾರದು ಎಂದು, ಹಾಕದೆ ನನ್ನನ್ನು ಎತ್ತಲು ಬಂದಿದ್ದರೆ ಅವನೂ ನನ್ನ ಪಕ್ಕದಲ್ಲೇ ಮಲಗುತ್ತಿದ್ದ ಎಂದು ಆಂಬುಲೆನ್ಸಿನಲ್ಲಿ ವಿಮಲ ಬಿಡಿಸಿ ಹೇಳಬೇಕಾಯಿತು.

ಸುಕ್ಕಿಗಾಗಿ ಕಾದ ಆರು ದಿನ

ಆ ಊರಿನ ಆಸ್ಪತ್ರೆಗೆ ಕಾಲು ಮುರಿದವರು ಹೊಸಬರಲ್ಲ. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವುದೇ ಅಲ್ಲಿಯವರ ಆಟ, ದಿನಕ್ಕೆ ನಾಲ್ಕಾರು ಜನ ಮುರಿದುಕೊಂಡು ಬರುತ್ತಾರೆ. ದಾಖಲು ಮಾಡಿಕೊಳ್ಳುವಾಕೆ "ಸ್ಕೀ?" ಎಂದು ಬರೆದುಕೊಳ್ಳಲು ಹೊರಟಳು. ನಾನು ಇಲ್ಲವೆಂದೆ. ಮತ್ತೇನು ಎಂದು ಕೇಳಿದಳು. ರಂಗೋಲಿ ಎಂದೆ. ಅದು ಯಾವ ಆಟ ಎಂದು ಕೇಳಿದಳು.

ಮೊಣಕಾಲ ಕೆಳಗಿನ ದಪ್ಪ ಮೂಳೆ ಪಾದದ ಕೀಲಿನ ಹತ್ತಿರ ಐದಾರು ತುಂಡಾಗಿತ್ತು. ನೋಡಲು ಬಂದ ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಬಾಗಿಲಷ್ಟು ಎತ್ತರ, ಬಿಳಿ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದರು. ಅವರ ಹೆಸರೂ ನನ್ನ ನಾಲಿಗೆಗೆ ಬರಲಿಲ್ಲವಾಗಿ ಡಾಕ್ಟರಮ್ಮ ಎಂದೇ ಕರೆದೆ. ಅದು ಅವರಿಗೆ ಹಿಡಿಸಿತು. ಅವರ ಇಂಗ್ಲಿಷು ಕುಂಟುತ್ತಿತ್ತು, ನನ್ನದೂ ಕುಂಟುತ್ತಿತ್ತು, ಅದರಿಂದ ನಮ್ಮಿಬ್ಬರಿಗೂ ಮಾತು ಚೆನ್ನಾಗಿ ಕೂಡಿತು.

ಸಂಜೆಯೊಳಗೆ ಆಪರೇಷನ್ ಆಗುತ್ತದೆ ಎಂದು ನಾನು ಊಟವನ್ನೂ ಬಿಟ್ಟು ಕಾದೆ. ಡಾಕ್ಟರಮ್ಮ ಬಂದು, ಪಟ್ಟಿ ಕಟ್ಟಿ ದಿಂಬಿನ ಮೇಲೆ ಏರಿಸಿಟ್ಟ ಕಾಲನ್ನು ನೋಡಿ, "ಇವತ್ತು ಬೇಡ. ಚರ್ಮ ಊದಿದೆ. ಈಗ ಕೊಯ್ದರೆ ಒಳಗಿನ ಮಾಂಸಕ್ಕೆ ಏಟಾಗುತ್ತದೆ. ಊತ ಇಳಿದು ಸುಕ್ಕು ಬರಲಿ" ಎಂದು ಹೋದರು. ಮಾರನೆಯ ದಿನವೂ ಬಂದು, ಚರ್ಮವನ್ನು ಬೆರಳಲ್ಲಿ ಒತ್ತಿ, ತಲೆಯಾಡಿಸಿ ಹೋದರು. ಮೂರನೆಯ ದಿನವೂ ಅಷ್ಟೇ. ಅರವತ್ತೆರಡು ವರ್ಷದಲ್ಲಿ ನನ್ನ ಸುಕ್ಕಿಗಾಗಿ ಇಷ್ಟು ಆಸೆಯಿಂದ ಕಾದವರು ಇನ್ನೊಬ್ಬರಿಲ್ಲ. ನಾನಂತೂ ಇಷ್ಟು ವರ್ಷ ಅದು ಬಾರದಿರಲೆಂದು ಅರಿಶಿನ, ಕಡಲೆಹಿಟ್ಟು ಎಂದು ಒದ್ದಾಡಿದವಳು.

ಕತ್ರಿಗುಪ್ಪೆಯಿಂದ ದಿನಕ್ಕೆ ಮೂರು ಸಲ ನನ್ನ ತಮ್ಮ ನಾಗರಾಜನ ಫೋನು. ನಾಗರಾಜ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು. ಹೊಸಕೆರೆಹಳ್ಳಿಯಿಂದ ಬನಶಂಕರಿ ಮೂರನೇ ಹಂತದವರೆಗೆ ಅವನು ಎಬ್ಬಿಸಿದ ಗೋಡೆಗಳು ನಿಂತಿವೆ, ಅದರ ಮೇಲೆ ಜಗತ್ತಿನ ಎಲ್ಲ ವಿಷಯಕ್ಕೂ ಅವನ ಅಭಿಪ್ರಾಯ ನಿಂತಿದೆ.

"ಅಕ್ಕಾ, ಇನ್ನೂ ಮಾಡಿಲ್ವಾ? ಇಲ್ಲಾಗಿದ್ರೆ ಇಷ್ಟೊತ್ತಿಗೆ ಹೊಲಿಗೇನೇ ಬಿಚ್ಚೋರು. ಅವ್ರಿಗೆ ಬರುತ್ತೋ ಇಲ್ವೋ ಕೇಳು."

"ಊತ ಇಳೀಬೇಕಂತೆ ಕಣೋ."

"ಊತ ಇಳ್ಯೋಕೆ ಆಸ್ಪತ್ರೆ ಯಾಕಕ್ಕ? ಮನೇಲೇ ಇಳ್ಯುತ್ತೆ!"

ನಮ್ಮ ಗುಂಪು ಮುಂದಿನ ಊರಿಗೆ ಹೋಯಿತು, ಅಡುಗೆಯವರೂ ಹೋದರು. ವಿಮಲ ಮಾತ್ರ ಉಳಿದಳು. ಹಿಮ ನೋಡಬೇಕೆಂದು ಬಂದವಳು ನನ್ನ ಹಾಸಿಗೆಯ ಪಕ್ಕ ಕುಳಿತು ಕೆಟಲಿನಲ್ಲಿ ಅವಲಕ್ಕಿ ನೆನೆಸಿದಳು. ಆಸ್ಪತ್ರೆಯವರು ಸಂಜೆ ಐದಕ್ಕೇ ತಣ್ಣನೆಯ ಬ್ರೆಡ್ಡು, ಚೀಸು ಕೊಟ್ಟು ಊಟವಾಯಿತು ಎನ್ನುತ್ತಿದ್ದರು. ಪಕ್ಕದ ಮುದುಕಿಯನ್ನು ನೋಡಲು ವಾರದಲ್ಲಿ ಬಂದದ್ದು ಒಬ್ಬ ಮಗಳು, ಅರ್ಧ ಗಂಟೆ ಕೂತಳು, ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ನಮ್ಮಲ್ಲಾಗಿದ್ದರೆ ಇಪ್ಪತ್ತು ಜನ ಬಂದು, ಪ್ರತಿಯೊಬ್ಬರೂ ಮುರಿದ ಜಾಗವನ್ನೇ ಒತ್ತಿ "ಇಲ್ಲಿ ನೋವಾ?" ಎಂದು ಕೇಳಿ, ಹೊರಗೆ ಕಾರಿಡಾರಿನಲ್ಲಿ ನಿಂತು ಅದೇ ಥರ ಬಿದ್ದು ಸತ್ತವರ ಕಥೆ ಹೇಳುತ್ತಿದ್ದರು. ಅವರಿಲ್ಲದೆ ನನಗೆ ಬೇಜಾರಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ.

ಆರನೆಯ ದಿನ ಡಾಕ್ಟರಮ್ಮ ಬಂದು ನನ್ನ ಪಾದದ ಕೀಲಿನ ಮೇಲೆ ಬಾಗಿದರು. ಸಣ್ಣ ಸಣ್ಣ ಗೆರೆಗಳು ಮೂಡಿದ್ದವು. "ಚೆಂದ!" ಎಂದು ಕೂಗಿ, ನರ್ಸನ್ನೂ ಕರೆದು ತೋರಿಸಿದರು.

ಗ್ಯಾಪು

ಆಪರೇಷನ್ನಿನ ಮರುದಿನ ಪಟ್ಟಿ ಬದಲಿಸುವಾಗ ನೋಡಿದೆ. ಇಡೀ ಕಾಲು ಉದ್ದಕ್ಕೆ ಸೀಳಿರುತ್ತಾರೆಂದು ಹೆದರಿದ್ದೆ. ನನ್ನ ಬೆರಳುದ್ದದ ಎರಡು ಗಾಯ, ನಡುವೆ ಮೂರು ಚುಕ್ಕಿಯಷ್ಟು ತೂತು, ಅಷ್ಟೇ. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಕೆಳಗಿನ ಗಾಯದಿಂದ ಒಂದು ಲೋಹದ ಪಟ್ಟಿಯನ್ನು ಚರ್ಮದ ಅಡಿಯಲ್ಲಿ ಮೇಲಕ್ಕೆ ತೂರಿಸಿ, ಮುರಿದ ಜಾಗದ ಮೇಲೂ ಕೆಳಗೂ ಸ್ಕ್ರೂ ಹಾಕಿದ್ದರು. ಮುರಿದ ಜಾಗವನ್ನು ತೆರೆದೇ ಇರಲಿಲ್ಲ.

ಆಮೇಲೆ ಎಕ್ಸ್‌ರೇ ತೋರಿಸಿದರು. ಕಾಲು ನೆಟ್ಟಗಿತ್ತು, ನಿಜ. ಆದರೆ ನಡುವಿನ ತುಂಡುಗಳು ಒಡೆದ ಹಪ್ಪಳದ ಹಾಗೆ ಅಲ್ಲಲ್ಲೇ ಬಿದ್ದಿದ್ದವು. ಒಂದು ಚೂರು ಓರೆಯಾಗಿ ನಿಂತಿತ್ತು. ಅದಕ್ಕೂ ಪಕ್ಕದ್ದಕ್ಕೂ ನಡುವೆ ಕಪ್ಪಗೆ ಒಂದು ಸಂದು. ಬಾಡಿಗೆಯವರ ಚಪ್ಪಲಿಯನ್ನೂ ಹಾಗೆ ಬಿಡದವಳು ನಾನು.

ಫೋನಿನಲ್ಲಿ ಅದರ ಚಿತ್ರ ತೆಗೆದು ಮನೆಯವರ ಗುಂಪಿಗೆ ಕಳಿಸಿದ್ದು ನಾನೇ. ಐದು ನಿಮಿಷದಲ್ಲಿ ಕತ್ರಿಗುಪ್ಪೆ ಎದ್ದು ಕೂತಿತು. ಒಬ್ಬರು ಸಂದಿನ ಸುತ್ತ ಕೆಂಪು ವೃತ್ತ ಎಳೆದು ಕಳಿಸಿದರು. ಇನ್ನೊಬ್ಬರು ಅದನ್ನೇ ದೊಡ್ಡದು ಮಾಡಿ ಬಾಣದ ಗುರುತು ಹಾಕಿದರು. ಯಾರೋ ನಾಟಿ ಕಟ್ಟು ಕಟ್ಟುವವರ ನಂಬರು ಕಳಿಸಿದರು. ನಾಗರಾಜ ಫೋನೇ ಮಾಡಿದ.

"ಅಕ್ಕಾ, ಇದೇನಕ್ಕಾ ಇದು? ಇಷ್ಟು ಗ್ಯಾಪ್ ಬಿಟ್ಟವ್ರೆ! ನನ್ ಹುಡುಗರು ಟೈಲ್ಸ್ ಹಿಂಗೆ ಹಾಕಿದ್ರೆ ಕಿತ್ತು ಹಾಕಿಸ್ತೀನಿ. ನೀನು ಬಾ ಇಲ್ಲಿಗೆ. ಜಯನಗರದಲ್ಲಿ ನಮ್ ಡಾಕ್ಟ್ರವ್ರೆ, ಭಾವನ್ ಕಾಲು ಜೋಡ್ಸಿದ್ರಲ್ಲ, ಅವ್ರೇ. ಓಪನ್ ಮಾಡಿಸಿ ನೀಟಾಗಿ ಕೂರ್ಸೋಣ."

ಗುಂಪಿನಲ್ಲಿ ಎಲ್ಲರೂ ಏನಾದರೂ ಹೇಳಿದರು. ನಮ್ಮ ಯಜಮಾನರು ನೋಡಿದ್ದರು, ಎರಡು ನೀಲಿ ಗುರುತು ಬಿದ್ದಿದ್ದವು. ಆದರೆ ಒಂದಕ್ಷರ ಬರೆದಿರಲಿಲ್ಲ. ಇವರಿಗೆ ಹೆಂಡತಿಯ ಕಾಲಿನ ಮೇಲೂ ಒಂದು ಅಭಿಪ್ರಾಯವಿಲ್ಲ ಎಂದು ಸಿಟ್ಟು ಬಂತು.

ದನ ಕಾಯುವವನ ಕಾಲು

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮನಿಗೆ ಕೆಂಪು ವೃತ್ತದ ಚಿತ್ರ ತೋರಿಸಿ, ನಮ್ಮವರೆಲ್ಲ ಇದು ಸರಿಯಿಲ್ಲ ಅನ್ನುತ್ತಾರೆ ಎಂದೆ. ಇನ್ನೊಬ್ಬರಾಗಿದ್ದರೆ ಸಿಟ್ಟಾಗುತ್ತಿದ್ದರು. ಅವರು ಸ್ಟೂಲು ಎಳೆದುಕೊಂಡು ಕೂತರು.

"ನೀವು ಏನು ಕಲಿಸುತ್ತಿದ್ದಿರಿ?"

"ವಿಜ್ಞಾನ."

"ಹಾಗಾದರೆ ಮೂಳೆಗೆ ರಕ್ತ ಎಲ್ಲಿಂದ ಬರುತ್ತದೆ, ಹೇಳಿ."

ಮೂವತ್ತೊಂದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು ಹಾಸಿಗೆಯ ಮೇಲೆ ಮಲಗಿ ಛಾವಣಿ ನೋಡಿದೆ. ಅವರೇ ಹೇಳಿದರು. ಮೂಳೆಯ ಒಳಗಿನಿಂದ ಒಂದು ದಾರಿ, ಅದು ಮುರಿದಾಗಲೇ ಕಡಿದುಹೋಯಿತು. ಉಳಿದದ್ದು ಹೊರಗಿನ ದಾರಿ, ಮೂಳೆಗೆ ಅಂಟಿಕೊಂಡ ತೆಳ್ಳನೆಯ ಪೊರೆ ಮತ್ತು ಸುತ್ತಲಿನ ಮಾಂಸ. ತುಂಡುಗಳನ್ನು ಚೆಂದಕ್ಕೆ ಜೋಡಿಸಬೇಕಾದರೆ ಆ ಪೊರೆ, ಮಾಂಸ ಎಲ್ಲ ಕೆರೆದು ಬಿಡಿಸಬೇಕು. ಬಿಡಿಸಿದ ಮೇಲೆ ತುಂಡಿಗೆ ರಕ್ತ ಇಲ್ಲ. "ಉದ್ದ ನಾನು ಸರಿ ಮಾಡಿದ್ದೇನೆ, ನೇರ ಮಾಡಿದ್ದೇನೆ, ಪಾದ ತಿರುಗದ ಹಾಗೆ ಕೂರಿಸಿದ್ದೇನೆ. ನಡುವಿನ ತುಂಡುಗಳು ಜೀವ ಹಿಡಿದುಕೊಂಡಿವೆ. ಅವನ್ನು ಮುಟ್ಟುವ ಹಕ್ಕು ನನಗಿಲ್ಲ."

ನನಗೆ ಥಟ್ಟನೆ ಅಜ್ಜಿಯ ನೆನಪಾಯಿತು. ಬದನೆ ಸಸಿ ಕೀಳುವಾಗ ಬೇರಿಗೆ ಅಂಟಿದ ಮಣ್ಣನ್ನು ಉದುರಿಸಲು ಬಿಡುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ನಾನೊಮ್ಮೆ ಸಸಿಗಳ ಬೇರನ್ನೆಲ್ಲ ತೊಟ್ಟಿಯಲ್ಲಿ ತೊಳೆದು, ಬೆಳ್ಳಗೆ ಮಾಡಿ, ಸಾಲಾಗಿ ನೆಟ್ಟಿದ್ದೆ. ಸಾಲು ಗೆರೆ ಎಳೆದಷ್ಟು ನೇರ. ಮೂರು ದಿನದಲ್ಲಿ ಒಂದೂ ಉಳಿಯಲಿಲ್ಲ. ಅಜ್ಜಿಯ ಹೊಡೆತ ನೆನಪಿತ್ತು, ಪಾಠ ಮರೆತಿತ್ತು.

"ನಿಮ್ಮ ಹಾಗೆ ನಾನೂ ಮೆಟ್ಟಿಲು ಗುಡಿಸಿದ್ದೇನೆ" ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಮುಂದುವರಿಸಿದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೆಟ್ಟದ ಮೇಲೆ ದನ ಕಾಯುವ ಒಬ್ಬನ ಕಾಲು ಅವರ ಕೈಗೆ ಬಂತು. ಏಳು ತುಂಡು. ನಾಲ್ಕು ಗಂಟೆ ನಿಂತು ಪ್ರತಿಯೊಂದನ್ನೂ ಬಿಡಿಸಿ, ತೊಳೆದು, ಕೂರಿಸಿ, ಸ್ಕ್ರೂ ಹಾಕಿದರು. ಎಕ್ಸ್‌ರೇ ನೋಡಿದ ಹಿರಿಯರು ಚಪ್ಪಾಳೆ ತಟ್ಟಿದರು. ಹತ್ತು ತಿಂಗಳಾದರೂ ಮೂಳೆ ಕೂಡಲಿಲ್ಲ. ಸತ್ತ ಮೂಳೆಯ ಭಾರ ಹೊತ್ತು ಹೊತ್ತು ಲೋಹದ ಪಟ್ಟಿಯೇ ಮುರಿಯಿತು. "ಅವನು ಮತ್ತೆ ಬೆಟ್ಟ ಹತ್ತಲಿಲ್ಲ. ಎಕ್ಸ್‌ರೇ ಮಾತ್ರ ನನ್ನ ಹತ್ತಿರ ಈಗಲೂ ಇದೆ, ತುಂಬ ಚೆನ್ನಾಗಿದೆ."

ಹತ್ತು ತಿಂಗಳು, ಮುರಿದ ಪಟ್ಟಿ. ನಾನು ಗೋಡೆಯ ಕಡೆ ತಿರುಗಿದೆ.

ಹನ್ನೆರಡು ವರ್ಷದ ಹಿಂದೆ ನಮ್ಮ ಯಜಮಾನರ ಕಾಲನ್ನು ಮೊದಲು ನೋಡಿದ್ದು ಬನಶಂಕರಿಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಒಳಗೆ ಒಂದು ರಾಡು ಹಾಕಿ ತುಂಡುಗಳನ್ನು ಇದ್ದಲ್ಲೇ ಬಿಟ್ಟಿದ್ದ. ಎಕ್ಸ್‌ರೇ ಹಿಡಿದು ಬೆಳಕಿಗೆ ಎತ್ತಿ ನೋಡಿದವಳು ನಾನು. ವಿಜ್ಞಾನದ ಮೇಡಂ ಅಲ್ಲವೇ. ಗ್ಯಾಪ್ ಇದೆ ಎಂದು ಮೊದಲು ಹೇಳಿದ್ದು ನಾಗರಾಜನಲ್ಲ, ನಾನು. ಆ ಡಾಕ್ಟರು ಏನೋ ಬಿಡಿಸಿ ಹೇಳಲು ಬಂದ, ನಾನು ಪೂರ್ತಿ ಕೇಳಿಸಿಕೊಳ್ಳದೆ ಯಜಮಾನರನ್ನು ಜಯನಗರಕ್ಕೆ ಸಾಗಿಸಿದೆ. ಅಲ್ಲಿ ನಾವು ಕೇಳಿದಂತೆಯೇ ಉದ್ದಕ್ಕೆ ತೆರೆದು, ರಾಡು ತೆಗೆದು, ಒಳಗೆಲ್ಲ ಸ್ವಚ್ಛ ಮಾಡಿ, ಕೂದಲೆಳೆಯೂ ತೂರದ ಹಾಗೆ ಜೋಡಿಸಿ ಲೋಹದ ಪಟ್ಟಿ ಹಾಕಿಕೊಟ್ಟರು. ಆ ಎಕ್ಸ್‌ರೇಯನ್ನು ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ. ಹತ್ತನೆಯ ತಿಂಗಳು ಪಟ್ಟಿ ಮುರಿದಾಗ, ಹೇಳಿದ ಮಾತು ಕೇಳದೆ ಇವರೇ ಬೇಗ ಕಾಲೂರಿದರು ಎಂದು ಬೈದೆ. ಬೈಯುವುದನ್ನು ಇಷ್ಟು ವರ್ಷವಾದರೂ ನಿಲ್ಲಿಸಿರಲಿಲ್ಲ.

ವಿಮಲ, "ಯಾಕೆ, ನೋವಾಗ್ತಿದ್ಯಾ?" ಎಂದಳು. ಹೂಂ ಎಂದೆ. "ಇರಲಿ ಬಿಡೆ, ಕಡಿಮೆ ಆಗುತ್ತೆ" ಎಂದಳು.

ವಿಮಾನ

ವಿಮಾನದಲ್ಲಿ ಕಾಲು ಚಾಚಲು ಮೂರು ಸೀಟು ಕೊಟ್ಟರು. ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್, ಅದನ್ನು ಚುಚ್ಚುವುದನ್ನು ವಿಮಲ ಕಲಿತಿದ್ದಳು. ಕನ್ನಡದ ಮೇಡಂ ವಿಮಾನದ ನಡುವೆ ಸೂಜಿ ಎತ್ತಿ ಹಿಡಿದಾಗ ಪಕ್ಕದ ಸಾಲಿನವರು ಕಣ್ಣು ಮುಚ್ಚಿಕೊಂಡರು. ದಾರಿಯುದ್ದಕ್ಕೂ ನಾನು ಒಂದು ಮಾತನ್ನು ಮನಸ್ಸಿನಲ್ಲಿ ತಾಲೀಮು ಮಾಡಿದೆ. ಡಾಕ್ಟರಮ್ಮ ಹೇಳಿದ್ದನ್ನು ಮನೆಯಲ್ಲಿ ಹೇಳಿದರೆ, ನಮ್ಮ ಯಜಮಾನರ ಕಾಲು ಕೆಡಲು ಕಾರಣ ಯಾರು ಎಂಬುದನ್ನೂ ಹೇಳಬೇಕಾಗುತ್ತದೆ. ಮನೆ ತಲುಪುವ ಹೊತ್ತಿಗೆ ಧೈರ್ಯ ಪೂರ್ತಿ ಖಾಲಿಯಾಗಿತ್ತು, ಏನೂ ಹೇಳಲಿಲ್ಲ.

ಜಯನಗರ

ಬಂದ ಮೂರನೆಯ ದಿನವೇ ನಾಗರಾಜ ಕಾರು ತಂದ. ಗಾಲಿಕುರ್ಚಿಯಲ್ಲಿ ನಾನು, ಹಿಂದೆ ಅವನು, ಅವನ ಹಿಂದೆ ಕುಂಟುತ್ತಾ ನಮ್ಮ ಯಜಮಾನರು. ಜಯನಗರದ ಡಾಕ್ಟರಿಗೆ ಈಗ ತಲೆ ನರೆತಿತ್ತು. ನಾಗರಾಜ ಎಕ್ಸ್‌ರೇ ಎತ್ತಿ ಹಿಡಿದ.

"ನೋಡಿ ಸಾರ್, ಫಾರಿನ್ ಕೆಲಸ! ನೀವು ಓಪನ್ ಮಾಡಿ, ಕ್ಲೀನ್ ಮಾಡಿ, ಫಿಟ್ಟಾಗಿ ಕೂರಿಸ್ಬಿಡಿ ಸಾರ್."

ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು. "ಮಾಡಬಹುದು. ನೀವೆಲ್ಲಾ ಬೇಕು ಅಂದ್ರೆ ಬರೋ ಶುಕ್ರವಾರ ಇಟ್ಕೋಳೋಣ" ಎಂದರು. "ಮೇಡಂ ಏನಂತಾರೆ?"

ಎಲ್ಲರೂ ನನ್ನನ್ನು ನೋಡಿದರು. ಈ ಬರಹ ಓದುವವರು ನನ್ನನ್ನು ಜಾಣೆ ಎಂದು ತಿಳಿಯಬಾರದು. ಎಲ್ಲ ಗೊತ್ತಿದ್ದೂ ನನ್ನ ಕಣ್ಣು ಆ ಕಪ್ಪು ಸಂದನ್ನೇ ನೋಡುತ್ತಿತ್ತು. ಅದನ್ನು ಮುಚ್ಚಿಬಿಟ್ಟರೆ ಮನಸ್ಸಿಗೆ ಹಾಯೆನಿಸುತ್ತದಲ್ಲ ಎಂದು ಕೈ ತುರಿಸುತ್ತಿತ್ತು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. "ನೀವೆಲ್ಲಾ ಹೇಳಿದ ಹಾಗೇ…" ಎಂದು ಶುರು ಮಾಡಿದೆ.

"ಬೇಡ."

ಹೇಳಿದ್ದು ನಮ್ಮ ಯಜಮಾನರು. ಕೂತರೆ ಏಳುವುದು ಕಷ್ಟವಾದ್ದರಿಂದ ಅವರು ಬೆಂಚಿನ ಮೇಲೆ ಕೂರದೆ ಬಾಗಿಲಿಗೆ ಒರಗಿ ನಿಂತಿದ್ದರು.

"ಭಾವ, ನಿಮಗೆ ಗೊತ್ತಾಗಲ್ಲ, ಗ್ಯಾಪ್…"

"ನಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು ನಾಗರಾಜ? ನನ್ ಕಾಲಂತೂ ನೀವೆಲ್ಲಾ ಸೇರಿ ಚೆಂದ ಮಾಡಿದ್ದಾಯ್ತು. ಇವಳ ಕಾಲನ್ನಾದ್ರೂ ಬಿಟ್ಬಿಡ್ರಪ್ಪ."

ದನಿ ಏರಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರು ಹೇಳಿದ್ದೇ ಸರಿ" ಎಂದರು. "ಕೆಲಸ ತುಂಬಾ ಚೆನ್ನಾಗಿ ಮಾಡವ್ರೆ. ನನ್ ಕಾಲಾಗಿದ್ರೆ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ನಾನು ತಡೆಯದೆ ಕೇಳಿದೆ. "ಹಂಗಾದ್ರೆ ಶುಕ್ರವಾರ ಅಂದ್ರಲ್ಲ ಡಾಕ್ಟ್ರೇ?"

"ಏನ್ ಮಾಡ್ಲಿ ಮೇಡಂ? ನಾನು ಹಿಂಗೆ ಬಿಟ್ಟು ಕಳ್ಸಿದ್ರೆ ಸಂಜೆ ಒಳಗೆ ನಿಮ್ ಗುಂಪಲ್ಲಿ ಎಕ್ಸ್‌ರೇ ಹಾಕಿ, ಕೆಂಪಲ್ಲಿ ಗುರುತು ಹಾಕಿ, ಈ ಡಾಕ್ಟ್ರಿಗೆ ಕೈ ಬರಲ್ಲ ಅಂತೀರ. ಪೇಷೆಂಟ್ ನಡೀತಾರೋ ಇಲ್ವೋ ಅಂತ ವರ್ಷ ಕಾದು ನೋಡೋರು ಯಾರಿದ್ದಾರೆ? ಫೋಟೋ ಮಾತ್ರ ಎಲ್ಲಾರೂ ನೋಡ್ತಾರೆ." ನಮ್ಮ ಯಜಮಾನರ ಕಡೆ ಅವರು ನೋಡಲಿಲ್ಲ. ನೋಡಲು ಆಗಲಿಲ್ಲ ಎಂದು ನನ್ನ ಅನಿಸಿಕೆ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕಾಲು ಚಾಚಿದ್ದೆ, ನನ್ನ ಪಾದ ಅವರ ತೊಡೆಯ ಮೇಲಿತ್ತು. ಬನಶಂಕರಿ ದೇವಸ್ಥಾನದ ಸಿಗ್ನಲ್ಲಿನಲ್ಲಿ ಕೇಳಿದೆ.

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಆ ಚಿಕ್ಕ ಡಾಕ್ಟ್ರು ಹೇಳಿದ್ರಲ್ಲ. ರಕ್ತ ಹೋಗ್ಬೇಕು, ಕೆದಕಬೇಡಿ ಅಂತ. ನೀನು ಎಕ್ಸ್‌ರೇ ನೋಡ್ತಾ ಇದ್ದೆ, ಕೇಳಿಸ್ಕೊಳ್ಳಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ರೀ? ನಾನು ಅಷ್ಟು ಬೈತಿದ್ನಲ್ಲ!"

"ಹೇಳಿದ್ರೆ ಕಾಲು ಉದ್ದ ಆಗ್ತಿತ್ತಾ?"

ನಾನು ಅತ್ತೆ. ಅಳುವುದನ್ನು ಕನ್ನಡಿಯಲ್ಲಿ ನೋಡಿದ ನಾಗರಾಜ, ಕಾಲು ನೋಯುತ್ತಿರಬೇಕೆಂದು ಕಾರನ್ನು ನಿಧಾನ ಮಾಡಿದ. ನಮ್ಮ ಯಜಮಾನರು ಪಾದದ ಮೇಲಿನ ಶಾಲನ್ನು ಸರಿ ಮಾಡಿದರು.

ಎಂಟನೆಯ ವಾರ

ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಆ ಸಂದು ಕಾಣಲಿಲ್ಲ. ಅದರ ಜಾಗದಲ್ಲಿ, ತುಂಡುಗಳ ಸುತ್ತಲೂ, ಬೆಳ್ಳಗೆ ಮಬ್ಬುಮಬ್ಬಾಗಿ ಏನೋ ಮೆತ್ತಿಕೊಂಡಿತ್ತು.

"ಏನ್ ಸಾರ್ ಇದು ಗಲೀಜು?" ಎಂದ ನಾಗರಾಜ.

"ಅದೇ ಸಾರ್ ಹೊಸ ಮೂಳೆ" ಎಂದರು ಡಾಕ್ಟರು.

ಅದನ್ನೂ ಗುಂಪಿಗೆ ಹಾಕಿದೆ. ಗಂಟು ಬಂದಿದೆ, ಕರಗಿಸಲು ಯಾವುದಾದರೂ ಎಣ್ಣೆ ಹಚ್ಚಿ ಎಂದು ಇಬ್ಬರು ಬರೆದರು. ಡಾಕ್ಟರಮ್ಮನಿಗೂ ಕಳಿಸಿದೆ. ಅವರು "ಚೆಂದ!" ಎಂದು ಬರೆದು, ಜೊತೆಗೆ ಒಂದು ಚಿತ್ರ ಕಳಿಸಿದ್ದರು. ನಾವಿದ್ದ ಹೋಟೆಲಿನ ಬಾಗಿಲು. ಮೆಟ್ಟಿಲ ಪಕ್ಕದಲ್ಲಿ ಹೊಸದೊಂದು ಫಲಕ, ಅದರ ಮೇಲೆ ಒಂದು ಪೊರಕೆ, ಪೊರಕೆಯ ಮೇಲೆ ಅಡ್ಡಲಾಗಿ ಕೆಂಪು ಗೆರೆ. ನಮ್ಮ ಊರಿನ ಹೆಸರನ್ನು ಯುರೋಪಿನಲ್ಲಿ ಹೀಗೆ ಉಳಿಸಿ ಬಂದೆ.

ಈಗ ಶ್ರಾವಣ. ಕೋಲಿಲ್ಲದೆ ನಡೆಯುತ್ತೇನೆ. ಸಂಜೆ ನಾವಿಬ್ಬರೂ ಪಾರ್ಕಿಗೆ ಹೋಗುತ್ತೇವೆ. ನಾನು ಬೇಗ ಬೇಗ ಹೆಜ್ಜೆ ಹಾಕಿ ಅರ್ಧ ಸುತ್ತು ಮುಂದೆ ಹೋಗಿರುತ್ತೇನೆ, ಆಮೇಲೆ ನಿಲ್ಲುತ್ತೇನೆ. ಅವರು ಕುಂಟುತ್ತಾ ಬಂದು ಸೇರುವವರೆಗೆ ಕಾಯುತ್ತೇನೆ. ಕಾಯುವುದು ಕಷ್ಟವೇನಲ್ಲ. ಯುರೋಪಿಗೆ ಕರೆದುಕೊಂಡು ಹೋಗಿದ್ದರೂ ಇಷ್ಟೇ ಕಾಯಬೇಕಾಗುತ್ತಿತ್ತು.

ಬೀರುವಿನಲ್ಲಿ ನಮ್ಮಿಬ್ಬರ ಎಕ್ಸ್‌ರೇಗಳೂ ಒಂದೇ ಕವರಿನಲ್ಲಿವೆ. ಮೊನ್ನೆ ನನ್ನದನ್ನೂ, ಜಯನಗರದಲ್ಲಿ ಜೋಡಿಸಿದಾಗಿನ ಅವರದನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಹಿಡಿದು ನೋಡಿದೆ. ಯಾವುದು ಚೆಂದ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಅವರದೇ ಚೆಂದ.